ಎರಡನೇ ವಿಮಾನ

ಹುಮನಾಬಾದದಾಗ ನಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬಸವಕಲ್ಯಾಣದ ಗಜಾಲಾ ಆಪಾ, ತೀರಿಹೋದ ತಮ್ಮ ನದೀಮನ ವಿಮಾನ ಹೊಡೆಯೋ ಆಟದ ಮಷೀನ್ ಮಾರ್ತಾರಂತ ಕೇಳಿ, 1999ರಾಗ ನೋಡಾಕ ಹೋದೆ. ಈ ಕಡೆ ಅಂಥಾದ್ದು ಇನ್ನೊಂದಿರಲಿಲ್ಲ.

ಮಧ್ಯಾಹ್ನ ಅವರ ಮನ್ಯಾಗ ಒಬ್ಬನೇ ಆಡಾಕ ನಿಂತೆ. ತೆರೆ ಮ್ಯಾಲ ಎರಡನೇ ವಿಮಾನ ತಾನಾಗೇ ಬಂತು. ನನಗ ಬರೋ ಗುಂಡಿಗೆಲ್ಲ ಅಡ್ಡ ನಿಂತು ಸಿಡೀತಿತ್ತು, ಮತ್ತ ಬರ್ತಿತ್ತು. ಎರಡನೇ ಆಟಗಾರ ಹಿಡಿಯೋ ಬಲಗಡೆ ಹಿಡಿಕೆ ಮುಟ್ಟಿದೆ. ಬೆಚ್ಚಗಿತ್ತು.

"ಅವ ಯಾರನ್ನೂ ಸೋಲಾಕ ಬಿಡಂಗಿಲ್ರಿ," ಅಂದ್ರು ಆಪಾ.

ಹುಡುಗರು ಸೋತ್ರ ತಾನೇ ಇನ್ನೊಂದು ಕಾಯಿನ್ ಹಾಕೋದು? ಬ್ಯಾಡ ಅನ್ನಾಕ ಬಾಯಿ ತೆಗೆದೆ.

"ನನಗ ಆಡಾಕ ಬರಂಗಿಲ್ಲ, ವೈಜನಾಥ ಭಾಯ್. ಅವ ಒಬ್ಬನೇ ನಿಂತಿರ್ತಾನ. ಅದಕ್ಕ ಮಾರಾಕತ್ತೇನಿ."

ತಗೊಂಡು ಬಂದೆ.

ಅಂಗಡಿ ಮುಚ್ಚಿ ವರ್ಷಗಳಾದವು. ಮಷೀನ್ ಕೆಟ್ಟು ಮನ್ಯಾಗ ಕೂತದ. ಇವತ್ತು ಮುಂಜಾನೆ ಧೂಳು ಒರೆಸಿದೆ. ಬಲಗಡೆ ಹಿಡಿಕೆ ಬೆಚ್ಚಗೇ ಅದ.