ಹೊರಡದೇ ಹೋದ ಮನೆಗಾಡಿ

ವಿಜಯದಶಮಿ ಕಳೆದ ಮೂರನೆಯ ದಿನ ಬೆಳಿಗ್ಗೆ, ಮದ್ದೂರಿನ ಮರಿಸಿದ್ದಯ್ಯನ ಜಗಲಿಯ ಮೇಲೆ ಮೂವತ್ತೈದು ವರ್ಷದ ಗಟ್ಟಿ ಆಳೊಬ್ಬ ಕೂತು ಗಳಗಳನೆ ಅಳುತ್ತಿದ್ದ. ಗಂಡಸರು ಅಳುವುದನ್ನು ಕಂಡರೆ ಪುಟ್ಟಮಾದಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದೂ ಬಿಸಿ ಕಾಫಿ ಆಗತಾನೆ ಕೈಗೆ ಬಂದ ಹೊತ್ತಿನಲ್ಲಿ.

"ಅಳೋದ ನಿಲ್ಸಿ ಬಾಯ್ಬುಟ್ಟು ಯೋಳ್ಲಾ ಸಂತೋಷ," ಎಂದು ಗದರಿದ. "ಯಾರಾದ್ರೂ ಸತ್ತವ್ರಾ?"

"ನಾನೇ ಸತ್ತಿದ್ರೆ ವಾಸಿಯಾಗಿತ್ತು ಕಣಣ್ಣ. ಊರೋರೆಲ್ಲ ಬಂದು ಶೆಡ್ಡಿಂದ ಅವರವರ ಗಾಡಿ ಎಳ್ಕೊಂಡು ಓಯ್ತಾವ್ರೆ. ನಟ್ಟು ಬಿಗಿಯಾಕ್ ಬರ್ದಿರೋ ಮೆಕ್ಯಾನಿಕ್ಕು ಅಂತಾವ್ರೆ. ನನ್ನ ಅನ್ನಕ್ಕೆ ಮಣ್ಣು ಬಿತ್ತು ರೈಟ್ರೇ!"

ರೈಟ್ರು ಎಂದರೆ ಮರಿಸಿದ್ದಯ್ಯ. ಮೂವತ್ತೆರಡು ವರ್ಷ ಪೊಲೀಸ್ ಠಾಣೆಗಳಲ್ಲಿ ಮಹಜರು ಬರೆದು ನಿವೃತ್ತನಾದವನು. ಕಂಡದ್ದನ್ನು ಕಂಡ ಹಾಗೆ ಬರೆದೂ ಬರೆದೂ ಅವನ ಕಣ್ಣಿಗೆ ಒಂದು ಅಭ್ಯಾಸ ಬಿದ್ದಿತ್ತು. ಏನಾದರೂ ಕಳುವಾದರೆ, ಕೆಟ್ಟರೆ, ಊರಿನ ಜನ ಠಾಣೆಗಿಂತ ಮೊದಲು ಅವನ ಜಗಲಿಗೆ ಬರುತ್ತಿದ್ದರು. ಪುಟ್ಟಮಾದಯ್ಯ ಅವನ ಗೆಳೆಯ, ಅಂಚೆ ಕಚೇರಿಯ ನಿವೃತ್ತ ಜವಾನ. ತಾನಿಲ್ಲದಿದ್ದರೆ ಈ ರೈಟ್ರಿಗೆ ಸ್ವಂತ ಚಪ್ಪಲಿಯೂ ಸಿಗುವುದಿಲ್ಲ ಎಂಬುದು ಅವನ ಖಂಡಿತವಾದ ಅಭಿಪ್ರಾಯ.

ಸಂತೋಷ್ ಮೂಗು ಒರೆಸಿಕೊಂಡು ಹೇಳಿದ್ದು ಚಲುವರಾಜುವಿನ ಮನೆಗಾಡಿಯ ಕತೆ. ಅದನ್ನು ಅರಿಯದವರು ಮದ್ದೂರಿನಲ್ಲಿ ಇರಲಿಲ್ಲ. ಚಲುವರಾಜು ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್. ಮಂಡ್ಯದಿಂದ ಮಳವಳ್ಳಿ, ಮಳವಳ್ಳಿಯಿಂದ ಮಂಡ್ಯ. ಒಂದು ಕೋಳಿಯನ್ನೂ ತುಳಿಸಿದವನಲ್ಲ. ಅವನ ಹೆಂಡತಿ ಕುಸುಮ ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರಮಕ್ಕಳ ಮೂಗು ಒರೆಸಿದವಳು. ಹೋದ ವರ್ಷ ಇಬ್ಬರೂ ಕೆಲಸದಿಂದ ಇಳಿದರು. ಒಂದು ಹಳೇ ಮಿನಿಬಸ್ ಕೊಂಡು, ಸೀಟು ಕಿತ್ತು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಮಡಚುವ ಮೇಜು ಹಾಕಿಸಿದರು. ಒಂದು ವರ್ಷ ದೇಶವೆಲ್ಲ ಸುತ್ತುವುದೆಂದು ಲೆಕ್ಕ. ಕುಸುಮ ಹುಟ್ಟಿದಾರಭ್ಯ ಸಮುದ್ರ ಕಂಡವಳಲ್ಲ.

"ಐದು ತಿಂಗ್ಳು ಕೆಲ್ಸ ಮಾಡಿವ್ನಿ ರೈಟ್ರೇ," ಎಂದ ಸಂತೋಷ್. "ಅಷ್ಟಮಿ ದಿನ ಎಂಜಿನ್ ಆಯಿಲ್ ಬದ್ಲಾಯ್ಸಿ ಚಿಕ್ಕರಸಿನಕೆರೆಗಂಟ ಓಡ್ಸ್ಕೊಂಡು ಬಂದೆ. ಒಂದು ತೊಟ್ಟು ಸೋರ್ನಿಲ್ಲ. ನವಮಿ ಬೆಳಗ್ಗೆ ಆಯುಧಪೂಜೆ ಮಾಡಿ, ಹೆಂಡ್ರೂರು ಮಳವಳ್ಳಿಗೆ ಓಗ್ಬುಟ್ಟೆ. ಮಾರ್ನೇ ದಿನ ಅವರಿಬ್ಬರೂ ಮುತ್ತತ್ತಿಗೆ ಗಾಡಿ ಪೂಜೆಗೆ ಅಂತ ಒಂಟವ್ರೆ. ನಾಕು ಕಿಲೋಮೀಟ್ರು ಓಗ್ತಿದ್ದಂಗೆ ಎಂಜಿನ್ ಸೀಜ್, ಒಳಗೇ ಕಚ್ಕೊಂಡು ನಿಂತೋಯ್ತು. ಕೆಳಗಡೆ ಆಯಿಲ್ ನಟ್ಟೇ ಇಲ್ಲ! ನಾನು ಬಿಗಿಯದೆ ಬುಟ್ಟೆ ಅಂತ ಚಲುವಣ್ಣ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಯೋಳವ್ರೆ. ಆ ಎಂಜಿನ್ನಿಗೆ ಸಾಮಾನು ಎಲ್ಲೂ ಸಿಗಾಕಿಲ್ಲ. ಗಾಡಿ ಗುಜರಿಗೇಯ."

"ಶೆಡ್ಡಿನ ಬೀಗದ ಕೈ?" ಮರಿಸಿದ್ದಯ್ಯ ಕೇಳಿದ.

"ನನ್ ತಾವ ಒಂದು, ಅವ್ರ ಮನೇಲಿ ಒಂದು. ಕುಸುಮಕ್ಕ ಸಾಮಾನು ತುಂಬ್ಬೇಕಿತ್ತಲ್ಲ."

ಶೆಡ್ ಕೊಳ್ಳೇಗಾಲದ ರಸ್ತೆಯಲ್ಲಿತ್ತು. ಎಳೆದು ತಂದ ಮನೆಗಾಡಿ ನಡುವೆ ನಿಂತಿತ್ತು. ಕಿಟಕಿಗೆ ಹೂವಿನ ಪರದೆ, ಒಳಗೆ ಹುರಿಹಿಟ್ಟಿನ ಡಬ್ಬ, ಉಪ್ಪಿನಕಾಯಿ ಜಾಡಿ, ಹೊಸದಾಗಿ ಹೆಣೆದ ಎರಡು ಸ್ವೆಟರು. ಒಲೆಗೆ ಕುಸುಮ ಅರಿಶಿನ ಕುಂಕುಮದ ಬೊಟ್ಟಿಟ್ಟಿದ್ದಳು. ಪುಟ್ಟಮಾದಯ್ಯನಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಥೂ, ಇಷ್ಟೆಲ್ಲ ಆಸೆ ಯಾತಕ್ಕೆ ಪಡಬೇಕು ಜನ ಎಂದು ಸಿಟ್ಟೂ ಬಂತು.

ಗೋಡೆಯ ಕಡೆ ಹಲಗೆಯ ಮೇಲೆ ಆಯುಧಪೂಜೆಯ ಸಾಮಾನು ಹಾಗೇ ಇತ್ತು. ದಶಮಿಯಂದು ಎತ್ತಬೇಕಾದದ್ದನ್ನು ಸಂತೋಷ್ ಎತ್ತಿರಲಿಲ್ಲ, ಕೈ ಬಂದಿರಲಿಲ್ಲ. ಸುತ್ತಿಗೆ, ಜಾಕು, ಇಕ್ಕಳ, ಸಾಲಾಗಿ ಸ್ಪ್ಯಾನರುಗಳು. ಎಲ್ಲದರ ಮೇಲೂ ಅಡ್ಡಕ್ಕೆ ಮೂರು ವಿಭೂತಿ ಗೆರೆ, ನಡುವೆ ಕುಂಕುಮದ ಬೊಟ್ಟು.

"ನಿಮ್ಮನೆ ದೇವ್ರು?" ಎಂದ ಮರಿಸಿದ್ದಯ್ಯ.

"ಮಾದಪ್ಪ."

"ಇದನ್ನೂ ನೀನೇ ಬಳ್ದಿದ್ದಾ?"

ಹತ್ತೊಂಬತ್ತನೇ ನಂಬರಿನ ಸ್ಪ್ಯಾನರ್ ಅದು. ಅದರ ಮೇಲಿನ ಗೆರೆಗಳು ಮಾತ್ರ ನೆಟ್ಟಗೆ ನಿಂತಿದ್ದವು. ಎರಡು ಬಿಳಿ, ನಡುವೆ ಕೆಂಪು.

ಸಂತೋಷ್ ಕಣ್ಣರಳಿಸಿ ನೋಡಿದ. "ನಾನಲ್ಲ ರೈಟ್ರೇ. ನಾನ್ಯಾಕೆ ನಾಮ ಎಳೀಲಿ?"

"ಆಯಿಲ್ ನಟ್ಟಿಗೆ ಯಾವ ನಂಬರು ಬೇಕು?"

"ಅದೇಯ. ಅತ್ತೊಂಬತ್ತು."

ಮರಿಸಿದ್ದಯ್ಯ ಮುಟ್ಟದೆ ಬಗ್ಗಿ ನೋಡಿ, ಗುಜರಿ ಗುಡ್ಡೆಯ ಕಡೆ ತಿರುಗಿದ. ಅಲ್ಲಿ ಬಿದ್ದಿದ್ದ ಒಂದು ಒಡೆದ ಕನ್ನಡಿಯನ್ನು ಎತ್ತಿದ. ಮನೆಗಾಡಿಯ ಎಡಗಡೆಯದು, ಹದಿನೈದು ದಿನದ ಹಿಂದೆ ಬದಲಾಯಿಸಿದ್ದು ಎಂದು ಸಂತೋಷ್ ಹೇಳಿದ. ಚಲುವಣ್ಣ ಒಬ್ಬರೇ ಮಂಡ್ಯಕ್ಕೆ ಹೋಗಿ, ಗಾಡಿ ಪಳಗಲಿ ಅಂತ ಯಲಿಯೂರಿನ ಕಡೆ ಓಡಿಸುವಾಗ ಮರದ ಕೊಂಬೆ ಬಡಿಯಿತಂತೆ. ಕನ್ನಡಿಯ ಚೌಕಟ್ಟಿನ ಸಂದಿಯಲ್ಲಿ ಹಸಿರು ಗಾಜಿನ ಚೂರೊಂದು ಸಿಕ್ಕಿಕೊಂಡಿತ್ತು, ಬಾಗಿದ್ದು.

"ಯಾವ ಮರ ಬಳೆ ತೊಟ್ಕೊತದೆ ಮಾದಯ್ಯ?" ಎಂದ ಮರಿಸಿದ್ದಯ್ಯ.

ಅಲ್ಲಿಂದ ನೇರ ಚಲುವರಾಜುವಿನ ಮನೆಗೆ ಹೋದರು. ಬಾಗಿಲಲ್ಲೇ ಕುಸುಮಳ ತಮ್ಮ ಪುನೀತ್ ಸಿಕ್ಕಿದ. ಹಣೆ ತುಂಬ ವಿಭೂತಿ, ಬಾಯಿ ತುಂಬ ವ್ಯಂಗ್ಯ.

"ನಾನು ಆಗ್ಲೇ ಬಡ್ಕೊಂಡೆ. ಈ ಗಾಡಿನ ಮುತ್ತತ್ತಿ ಟ್ರಿಪ್ಪಿಗೆ ಬಾಡ್ಗೆ ಬುಡೋಣ, ಈ ವಯಸ್ನಲ್ಲಿ ನಿಮ್ಗೆ ತಿರುಗಾಟ ಯಾತಕ್ಕೆ ಅಂದ್ರೆ ಕೇಳ್ನಿಲ್ಲ. ಅದೆಂಗೆ ಓಯ್ತೀರೋ ನೋಡ್ತೀನಿ ಅಂತಲೂ ಅಂದಿದ್ದೆ. ಈಗ ನೋಡಿ."

ನವಮಿ ಮಧ್ಯಾಹ್ನ ಶೆಡ್ಡಿನ ಬೀಗ ತೆಗೆದು ಗ್ಯಾಸ್ ಸಿಲಿಂಡರ್ ಇಟ್ಟು ಬಂದವನೂ ತಾನೇ ಎಂದು ಅವನೇ ಒಪ್ಪಿದ. ಪುಟ್ಟಮಾದಯ್ಯ ರೈಟ್ರ ಮೊಣಕೈಗೆ ತಿವಿದ. ಕಳ್ಳ ಸಿಕ್ಕಿದ ಎಂದು ಅವನ ತೀರ್ಮಾನ ಆಗಿಹೋಯಿತು.

ಒಳಗೆ ಚಲುವರಾಜು ಗೋಡೆಗೆ ಒರಗಿ ಕೂತಿದ್ದ. ಅವನ ತಲೆಯ ಮೇಲೆ ಹಳೆಯ ಫೋಟೋ: ಆಯುಧಪೂಜೆಯ ಬಸ್ಸು, ಬಾಳೆಕಂದು, ಮುಂದಿನ ಗಾಜಿನ ಮೇಲೆ ದೊಡ್ಡ ನಾಮ, ಪಕ್ಕದಲ್ಲಿ ಎಳೆಯ ಚಲುವರಾಜು. ಕುಸುಮ ಕಾಫಿ ತಂದು ಗಂಡನ ಎಡಪಕ್ಕಕ್ಕೆ ಇಟ್ಟಳು. ಮಾತಿನ ನಡುವೆ ಅವನ ಕೈ ತಗುಲಿ ಲೋಟ ಉರುಳಿತು.

"ಇಟ್ಟಿದ್ದೀನಿ ಅಂತ ಯೋಳಾಕ್ ಆಗಲ್ವಾ?" ಎಂದು ಅವನು ರೇಗಿದ.

ಕುಸುಮ ನೆಲ ಒರೆಸಿದಳು. ದಂಡಪಿಂಡ, ನಷ್ಟದ ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸ್ತಾನೆ ಎಂದುಕೊಂಡ ಪುಟ್ಟಮಾದಯ್ಯ.

"ಆವತ್ತು ಗಾಡೀಲಿ ಏನಾರ ಕಂಡ್ತಾ ಕುಸುಮಮ್ಮ?" ಮರಿಸಿದ್ದಯ್ಯ ಮೆಲ್ಲಗೆ ಕೇಳಿದ.

"ಶೆಡ್ ಬುಟ್ಟು ಒಸಿ ದೂರಕ್ಕೇ ಮುಂದ್ಗಡೆ ಒಂದು ಕೆಂಪು ದೀಪ ಅತ್ಕೊಂತಣ್ಣ. ಏನ್ರೀ ಅದು ಅಂದೆ. ನೀನು ಬೆಲ್ಟ್ ಆಕ್ಕೊಂಡಿಲ್ಲ, ಅದ್ಕೆ ಅಂದ್ರು. ಆಕ್ಕೊಂಡೆ. ಆದ್ರೂ ಆರ್ನಿಲ್ಲ." ಉರುಳಿದ ಲೋಟ ಎತ್ತಿಕೊಂಡಳು. "ನಾನು ಅದೃಷ್ಟಗೇಡಿ ಕಣಣ್ಣ. ಒಂದು ವರ್ಷ ಬ್ಯಾಡ, ಒಂದೇ ಒಂದ್ಸಲ ಸಮುದ್ರ ನೋಡಿದ್ರೆ ಸಾಕಿತ್ತು."

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ಮಂಡ್ಯ ದಾಟಿ ಯಲಿಯೂರಿಗೆ ಹೋದರು. ಹೆಚ್ಚು ಹುಡುಕಬೇಕಾಗಲಿಲ್ಲ. ರೈಲ್ವೆ ಗೇಟಿನ ಆಚೆ, ಗುಡಿಸಲಿನಂಥ ಮನೆಯ ಮುಂದೆ ಚಿಕ್ಕಬೋರಮ್ಮ ಎಂಬ ಒಂಟಿ ಮುದುಕಿ ಮುರಿದ ಬಲಗೈಗೆ ಪಟ್ಟು ಹಾಕಿಸಿಕೊಂಡು ಕೂತಿದ್ದಳು. ಹದಿನೈದು ದಿನದ ಹಿಂದೆ ಹುಲ್ಲಿನ ಹೊರೆ ಹೊತ್ತು ರಸ್ತೆಯ ಎಡದಂಚಿನಲ್ಲಿ ಬರುತ್ತಿದ್ದಾಗ ಬಿಳೀ ಮಿನಿಬಸ್ಸೊಂದು ಬಡಿದು, ನಿಲ್ಲಿಸದೆ ಹೋಯಿತಂತೆ.

"ಮೂರ್ನೇ ದಿನಕ್ಕೆ ಒಬ್ಬ ಯಜಮಾನ ಬಂದು, ಯಾರಿಗೋ ಗಾಡಿ ತಗುಲ್ತಂತಲ್ಲ ಅಂತ ಕೇಳ್ದ," ಎಂದಳು. "ನಾನೇ ಕಣಪ್ಪ ಅಂದೆ. ನಿಂತ ನಿಂತಂಗೇ ಬೆವ್ತೋದ. ನೀರು ಕೇಳ್ದ, ಕುಡೀದೆ ಒಂಟೋದ. ಕೈ ಓಯ್ತಲ್ಲಪ್ಪ ನಂದು, ಮುದ್ದೆ ಕಟ್ಟಾಕಿಲ್ಲ, ಸೀರೆ ಉಟ್ಕೊಳ್ಳಾಕಿಲ್ಲ."

ಬರುವಾಗ ಬಸ್ಸಿನಲ್ಲಿ ಪುಟ್ಟಮಾದಯ್ಯ, ಪುನೀತನೇ ಆಗಿರಲಪ್ಪಾ ಮಾದಪ್ಪ ಎಂದು ಒಳಗೊಳಗೇ ಬೇಡಿಕೊಂಡ.

ಅದೇ ಸಾಯಂಕಾಲ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಚಲುವರಾಜು ಒಂದು ಹಳೇ ಟೈರಿನ ಮೇಲೆ ಕೂತ. ಕುಸುಮ ಮನೆಗಾಡಿಯ ಮೆಟ್ಟಿಲ ಮೇಲೆ. ಪುನೀತ್ ಕೈಕಟ್ಟಿ ನಿಂತಿದ್ದ. ಸಂತೋಷ್ ಬಾಗಿಲ ಹತ್ತಿರ, ಯಾವಾಗ ಬೇಕಾದರೂ ಓಡುವವನಂತೆ.

"ನಟ್ಟು ಸಂತೋಷ ಬುಟ್ಟಿದ್ದಲ್ಲ," ಎಂದು ಶುರುಮಾಡಿದ ಮರಿಸಿದ್ದಯ್ಯ. "ಅಷ್ಟಮಿ ದಿನ ಅಷ್ಟು ದೂರ ಓಡಿದ್ರೂ ಆಯಿಲ್ ಸೋರಿಲ್ಲ. ನವಮಿ ಪೂಜೆ ಆದ್ಮೇಲೆ ಬೀಗ ತೆಗ್ದು ಯಾರೋ ಸಡ್ಲ ಮಾಡವ್ರೆ. ಈ ಅತ್ತೊಂಬತ್ತನೇ ಸ್ಪ್ಯಾನರ್ ನೋಡಿ. ಕೆಲ್ಸ ಮಾಡಿದ ಕೈಗೆ ಆಯಿಲ್ ಆಗಿ, ಪೂಜೆಯ ವಿಭೂತಿ ಅಳಿಸಿದೆ. ಅದನ್ನ ಒರೆಸಿ, ತಟ್ಟೇಲಿದ್ದ ವಿಭೂತಿ ಕುಂಕುಮ ಕಲಸಿ, ತಿರುಗಾ ಬಳ್ದವ್ರೆ. ಆದ್ರೆ ಸಂತೋಷನ ಮನೇಲಿ ಅಡ್ಡಗೆರೆ. ಪುನೀತನ ಹಣೆ ಮೇಲೂ ಅಡ್ಡಗೆರೆ. ಕುಸುಮಮ್ಮ ಇಡೋದು ಅರಿಶಿನ ಕುಂಕುಮದ ಬೊಟ್ಟು. ನಾಮ ಎಳ್ಯೋ ಕೈ ಒಂದೇ. ಮೂವತ್ತನಾಲ್ಕು ವರ್ಷ ಪ್ರತಿ ನವಮಿಗೂ ಬಸ್ಸಿಗೆ ನಾಮ ಎಳ್ದ ಕೈ."

ಚಲುವರಾಜು ತಲೆ ಎತ್ತಲಿಲ್ಲ.

"ಕೆಂಪು ದೀಪ ಆಯಿಲ್‌ದು. ಅದು ಡ್ರೈವರಿಗೆ ಗೊತ್ತಾಗದೆ ಇರ್ತದಾ? ಗೊತ್ತಿದ್ದೇ ಬೆಲ್ಟಿಂದು ಅಂದ, ಎಂಜಿನ್ ಸಾಯೋಗಂಟ ಓಡ್ಸಿದ. ಯಾಕೆ ಅಂತ ಯಲಿಯೂರಿನಾಗೆ ತಿಳೀತು. ಕನ್ನಡಿ ಒಡ್ದಿದ್ದು ಕೊಂಬೆಯಿಂದಲ್ಲ, ಚಿಕ್ಕಬೋರಮ್ಮ ಅನ್ನೋ ಮುದುಕಿ ಕೈಯಿಂದ. ಕೈ ಮುರ್ದು, ಮುದ್ದೆ ಕಟ್ಟಾಕೂ ಆಗ್ದೆ ಕೂತವ್ಳೆ. ಎಡಗಡೆ ಬರ್ತಿದ್ದೋಳು ಇವನಿಗೆ ಕಾಣ್ಲೇ ಇಲ್ಲ. ಎಡಗಡೆ ಇಟ್ಟ ಕಾಫಿ ಲೋಟವೂ ಕಾಣ್ಲಿಲ್ಲ. ಎಷ್ಟು ದಿನ ಆಯ್ತು ಚಲುವರಾಜು?"

ಚಲುವರಾಜು ನೆಲ ನೋಡುತ್ತಲೇ ಒಂದೊಂದೇ ಮಾತು ಆಡಿದ.

"ವಯಸ್ಸು ಅಂದ್ಕೊಂಡಿದ್ದೆ. ಆ ಮುದುಕೀನ ನೋಡ್ಕೊಂಡು ಯಲಿಯೂರಿಂದ ಬಂದ್ಮ್ಯಾಲೆ ಮಂಡ್ಯದ ಕಣ್ಣಿನ ಡಾಕ್ಟ್ರ ತಾವ ಓದೆ. ಎಡಗಡೆ ದೃಷ್ಟಿ ಓಗ್ಬುಟ್ಟದೆ, ತಿರುಗಾ ಬರಾಕಿಲ್ಲ, ಇನ್ನು ಸ್ಟೇರಿಂಗ್ ಮುಟ್ಬ್ಯಾಡ ಅಂದ್ರು. ಮನೆಗೆ ಬಂದ್ರೆ ಇವ್ಳು ಸ್ವೆಟರ್ ತೋರ್ಸಿ, ಚಳಿಗೆ ಸಾಕಾಯ್ತದಾ ಅಂತ ಕೇಳ್ತಾಳೆ. ಎಂಗೆ ಯೋಳ್ಲಿ? ಮೂವತ್ತನಾಲ್ಕು ವರ್ಷ ಒಂದು ಕೋಳಿ ತುಳಿಸ್ದೋನಲ್ಲ ನಾನು. ಗಾಡಿ ತಾನಾಗೇ ಕೆಟ್ರೆ ಯಾರೂ ಏನೂ ಕೇಳಾಕಿಲ್ಲ ಅಂದ್ಕೊಂಡೆ. ಪೂಜೆ ಆದ ಸಾಮಾನ ಬೋಳಾಗಿ ಇಡಾಕೆ ಮನ್ಸು ಬರ್ನಿಲ್ಲ. ಕೈ ತಾನೇ ಎಳೀತು."

"ಊರೋರು ಕೇಳೇ ಕೇಳಿದ್ರಲ್ಲ, ಯಾಕೆ ಕೆಡ್ತು ಅಂತ," ಎಂದಳು ಕುಸುಮ. ಅವಳ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಆಗ ಸಂತೋಷನ ಹೆಸ್ರು ಯೋಳಿದ್ರಿ."

"ಬಾಯಿಗೆ ಬಂದ್ಬುಡ್ತು ಕಣೆ."

"ನಾಳೆ ಠಾಣೆಗೆ ನೀನೇ ಓಗಿ ಆ ಮುದುಕಿ ವಿಷಯ ಬರ್ಸು," ಎಂದ ಮರಿಸಿದ್ದಯ್ಯ. "ಬಸ್ ಸ್ಟ್ಯಾಂಡಲ್ಲಿ ಆಡಿದ ಮಾತನ್ನ ಬಸ್ ಸ್ಟ್ಯಾಂಡಲ್ಲೇ ವಾಪಸ್ ತಗೋ. ನೀನು ಮಾಡ್ದಿದ್ರೆ ನಾನು ಮಾಡ್ತೀನಿ."

ಚಲುವರಾಜು ತಲೆಯಾಡಿಸಿದ. ಸಂತೋಷ್ ಗೆದ್ದಿದ್ದ, ಆದರೆ ಅವನ ಮುಖದಲ್ಲಿ ಗೆಲುವಿನ ಸುಳಿವೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಪುನೀತನ ವ್ಯಂಗ್ಯವೆಲ್ಲ ಎಲ್ಲಿ ಹೋಯಿತೋ, ಅಕ್ಕನ ಕಡೆ ನೋಡಲೂ ಅವನಿಗೆ ಆಗುತ್ತಿರಲಿಲ್ಲ.

ಕುಸುಮ ಎದ್ದು ಗಾಡಿಯೊಳಗೆ ಹೋದಳು. ಹುರಿಹಿಟ್ಟಿನ ಡಬ್ಬ, ರಾಗಿಹಿಟ್ಟು, ತನ್ನ ಎರಡು ಸೀರೆ ಒಂದು ಚೀಲಕ್ಕೆ ತುಂಬಿಕೊಂಡು ಇಳಿದಳು.

"ಯಾವ ಕಡೆ?" ಎಂದ ಚಲುವರಾಜು.

"ಯಲಿಯೂರಿಗೆ. ಆ ಯಮ್ಮನಿಗೆ ಮುದ್ದೆ ಕಟ್ಟಾಕೆ ಕೈಯಿಲ್ವಂತಲ್ಲ. ಮೂಳೆ ಕೂಡೋಗಂಟ ಇರ್ತೀನಿ."

"ನಾನೂ ಬತ್ತೀನಿ ಕಣೆ."

"ಬ್ಯಾಡಿ." ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಎನಿಸಿತು ಪುಟ್ಟಮಾದಯ್ಯನಿಗೆ. "ಕಣ್ಣು ಕಾಣಾಕಿಲ್ಲ ಅಂದಿದ್ರೆ ಕೈ ಇಡ್ಕೊಂಡು ಬಸ್ಸಲ್ಲಿ ರೈಲಲ್ಲಿ ಕರ್ಕೊಂಡು ಓಯ್ತಿದ್ದೆ. ದೇಶ ಎಲ್ಲ ನಿಮ್ಗೆ ಬಾಯಲ್ಲೇ ಯೋಳ್ತಿದ್ದೆ. ಎಡಗಡೆ ಕಾಣ್ದೆ ಓಗಿದ್ದು ದೇವ್ರು ಮಾಡಿದ್ದು. ಈ ಸಂತೋಷ ಮೂರು ದಿನದಿಂದ ನಿಮ್ಮ ಎದುರ್ಗೇ ಅಳ್ತಿದ್ದನಲ್ಲ, ಅದು ಕಾಣ್ತಿತ್ತಲ್ರೀ."

ಕುಸುಮ ಚೀಲ ಎತ್ತಿಕೊಂಡು ರಸ್ತೆಗೆ ನಡೆದಳು. ಎಡಗಡೆಯಿಂದ ಮಂಡ್ಯದ ಬಸ್ಸು ಬರುತ್ತಿತ್ತು. ಕೈ ಅಡ್ಡ ಹಿಡಿದಳು, ನಿಂತಿತು, ಹತ್ತಿದಳು.

ಮರಿಸಿದ್ದಯ್ಯ ಸಂತೋಷನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಚಲುವರಾಜುವನ್ನು ಮನೆಗೆ ಮುಟ್ಟಿಸುವ ಕೆಲಸ ಪುಟ್ಟಮಾದಯ್ಯನ ಪಾಲಿಗೆ ಬಂತು. ಬೈಯಬೇಕೆಂದು ನಾಲಗೆಯ ತುದಿಗೆ ಬಂದದ್ದೆಲ್ಲ ನುಂಗಿ, ಅವನ ಎಡಗೈ ಹಿಡಿದುಕೊಂಡ. ರಸ್ತೆಗೆ ಬಂದಾಗ ಚಲುವರಾಜು ನಿಂತ. ಬಸ್ಸಿನ ಸದ್ದು ಆಗಲೇ ದೂರವಾಗಿತ್ತು.

"ಮಾದಯ್ಯ, ನಂಗೆ ಆ ಕಡೆ ಕಾಣ್ನಿಲ್ಲ. ಬಸ್ ಅತ್ತೋವಾಗ ಅವ್ಳು ತಿರುಗಿ ನೋಡಿದ್ಲಾ?"

ಸುಳ್ಳು ಹೇಳೋಣ ಎಂದು ಪುಟ್ಟಮಾದಯ್ಯ ಎರಡು ಸಲ ಬಾಯಿ ತೆರೆದ.

"ಇಲ್ಲ ಕಣಪ್ಪ," ಎಂದ. "ನೋಡ್ನಿಲ್ಲ."