ಶಾಂತಲಾಳ ಸಾಲು

ಮಂಗಳವಾರ ಸಂಜೆ ಹುಣಸೂರಿನಲ್ಲಿ ಟೀ ಕುಡಿಯುತ್ತಿದ್ದಾಗ ಗೆಳೆಯ ಯತೀಶ, “ಬಾರ್ಲಾ, ಆರ್ಕೆಸ್ಟ್ರಾ ಕೇಳ್ಕಂಡು ಓಗಾಣ” ಎಂದು ಎದುರಿನ ಪುಟ್ಟ ಸಭಾಂಗಣಕ್ಕೆ ಎಳೆದೊಯ್ದ. ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ ಗಾಯಕಿ ಶಾಂತಲಾಳ ನೆನಪಿಗೆ ಅವಳ ತಂಡ ಅವಳದೇ ಹಾಡುಗಳನ್ನು ನುಡಿಸುತ್ತಿತ್ತು.

ಯುಗಳಗೀತೆಗಳಲ್ಲಿ ಗಾಯಕ ತನ್ನ ಸಾಲು ಮುಗಿಸಿ ಸುಮ್ಮನಾಗುತ್ತಿದ್ದ. ಆಗ ಹೆಣ್ಣುದನಿಯೊಂದು ನನ್ನ ಎಡಗಿವಿಯ ಹತ್ತಿರವೇ ಹಾಡುತ್ತಿತ್ತು. ಆ ಕಿವಿ ಮಾತ್ರ ತಣ್ಣಗಾಗುತ್ತಿತ್ತು. ತಂಪು ಫ್ಯಾನ್ ಗಾಳಿಯದು, ದನಿ ರೆಕಾರ್ಡಿಂಗ್ ಅಂದುಕೊಂಡೆ.

ಮುಗಿದ ಮೇಲೆ, ಕೀಬೋರ್ಡ್ ನುಡಿಸಿದ ಶಾಂತಲಾಳ ಗಂಡ ಧರ್ಮೇಂದ್ರ ಅವರಿಗೆ, “ಮೇಡಂ ರೆಕಾರ್ಡಿಂಗ್ ಚೆನ್ನಾಗಿತ್ತು” ಎಂದೆ.

“ಯಾವ್ ರೆಕಾರ್ಡಿಂಗ್ಲಾ? ಆಯಮ್ಮನ ಸಾಲೆಲ್ಲ ಖಾಲಿ ಬುಟ್ಟಿದ್ರಲ್ಲ” ಎಂದು ಯತೀಶ ನಕ್ಕ.

ಧರ್ಮೇಂದ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಇವತ್ತು ಕೆಮ್ಮಲಿಲ್ವಾ ಸಾರ್ ಅವ್ಳು? ಓದ್ಸಲ ಕೇಳಿಸ್ಕಂಡೋರು, ನಡುನಡುವೆ ಕೆಮ್ತಿದ್ಲು ಅಂದಿದ್ರು.”