ಓರೆಗುಡ್ಡದ ಮಣ್ಣುಗಳ್ಳ

ಬಹಳ ಹಿಂದೆ, ಗಾಳಿಗೂ ಹೊಳೆಗೂ ಬಾಯಿದ್ದ ಕಾಲದಲ್ಲಿ, ಓರೆಗುಡ್ಡ ಎಂಬ ರಾಜ್ಯವಿತ್ತು. ಅಲ್ಲಿ ಸಮತಟ್ಟಾದ ನೆಲವೇ ಇರಲಿಲ್ಲ. ಅರಮನೆಯ ಅಂಗಳದಲ್ಲಿ ನಿಂಬೆಹಣ್ಣು ಬಿದ್ದರೆ ಕೋಟೆಬಾಗಿಲಿಗೆ ಹೋಗಿ ಹೆಕ್ಕಬೇಕಿತ್ತು.

ಆ ರಾಜ್ಯದ ಒಂದು ಇಳಿಜಾರಿನ ನೆತ್ತಿಯಲ್ಲಿ ದುಗ್ಗವ್ವ ಎಂಬ ವಿಧವೆಯ ಹೊಲ. ಅದರ ಕೆಳಗೆ ಹಲಗಪ್ಪನ ಹೊಲ. ನಡುವೆ ಬದುವಿರಲಿಲ್ಲ, ಗಡಿಕಲ್ಲುಗಳಷ್ಟೇ ಇದ್ದವು. ಭೃಂಗಾಕ್ಷ ಎಂಬ ಮಾಂತ್ರಿಕ ಆ ಇಳಿಜಾರಿಗೆಲ್ಲ ಒಂದು ಜೋಡಿ ಮಾಯದ ಎತ್ತು ಕೊಟ್ಟಿದ್ದ. ಅವು ಮೇಯುವುದಿಲ್ಲ, ದಣಿಯುವುದಿಲ್ಲ. ನೆತ್ತಿಯಿಂದ ಬುಡಕ್ಕೆ ಇಳಿಯುತ್ತವೆ, ಬುಡದಿಂದ ನೆತ್ತಿಗೆ ಏರುತ್ತವೆ. ಅಡ್ಡ ತಿರುಗಿಸಬಾರದು ಎಂದಷ್ಟೇ ಅವನ ಕಟ್ಟಪ್ಪಣೆ.

ವರ್ಷ ಕಳೆದಂತೆ ದುಗ್ಗವ್ವನ ಹೊಲದಲ್ಲಿ ಬಿಳಿಗಲ್ಲು ಹಲ್ಲು ಕಿರಿಯಿತು. ಜೋಳ ಗೇಣುದ್ದ ಬೆಳೆದು ನಿಂತಿತು. ಹಲಗಪ್ಪನ ಹೊಲದಲ್ಲಿ ಆಳುದ್ದದ ಬೆಳೆ, ಗಡಿಕಲ್ಲುಗಳು ಮಣ್ಣಿನಲ್ಲಿ ಹೂತುಹೋಗಿದ್ದವು. ಭೃಂಗಾಕ್ಷ ಅವಳ ಕಿವಿಯಲ್ಲಿ ಉಸುರಿದ: "ಮಣ್ಣಿಗೆ ಕಾಲಿಲ್ಲವಲ್ಲ ತಾಯಿ. ಯಾರ ಹೊಲ ಉಬ್ಬಿದೆ, ನೀನೇ ನೋಡು."

ಅಂದಿನಿಂದ ಹಲಗಪ್ಪ ನಕ್ಕರೂ ಅವಳಿಗೆ ಅನುಮಾನ, ಕೆಮ್ಮಿದರೂ ಅನುಮಾನ. ಕೊನೆಗೆ ಅವಳು ರಾಜ ಧವಳಾಂಕನಿಗೆ ದೂರು ಕೊಟ್ಟಳು. ಮಣ್ಣು ಕದ್ದವನನ್ನು ಬಂಡೆಯ ಮೇಲಿಂದ ತಳ್ಳಬೇಕು, ಅವನ ಹೊಲ ಕಳ್ಳನ ಸುಳಿವು ಕೊಟ್ಟವನಿಗೆ ಸೇರಬೇಕು ಎಂಬುದು ಅಲ್ಲಿಯ ಕಾನೂನು. ಸುಳಿವು ಕೊಟ್ಟವನು ಭೃಂಗಾಕ್ಷ. ಹಲಗಪ್ಪನನ್ನು ಸೆರೆಗೆ ಹಾಕಿದರು.

"ಅವನು ಮಣ್ಣು ಹೊತ್ತದ್ದನ್ನು ಕಂಡವರು ಯಾರು?" ಎಂದು ರಾಜ ಕೇಳಿದ. ಯಾರೂ ಕಂಡಿರಲಿಲ್ಲ.

"ಗಾಳಿ, ನೀರು ಅವನ ಜೊತೆಗಾರರು, ಪ್ರಭು," ಎಂದ ಭೃಂಗಾಕ್ಷ.

"ಹಾಗಾದರೆ ದುಗ್ಗವ್ವ, ಹುಣ್ಣಿಮೆಯೊಳಗೆ ಅವರ ಸಾಕ್ಷಿ ತಾ."

ದುಗ್ಗವ್ವ ಮೊದಲು ಬೋಳುಬಂಡೆ ಹತ್ತಿ ಗಾಳಿಹದ್ದನ್ನು ಕಂಡಳು. ಅದರ ರೆಕ್ಕೆ ಆಕಾಶದಷ್ಟಿತ್ತು. "ನನ್ನ ಮಣ್ಣು ಹಲಗಪ್ಪನಿಗೆ ಕೊಟ್ಟೆಯಾ?"

"ನಾನು ಒಯ್ಯುವುದು ಧೂಳು," ಎಂದಿತು ಹದ್ದು. "ಒಯ್ದರೆ ಏಳು ಊರಿನಾಚೆ ಚೆಲ್ಲುತ್ತೇನೆ. ಪಕ್ಕದ ಹೊಲದಲ್ಲಿ ಒಪ್ಪವಾಗಿ ಹರಡುವಷ್ಟು ಪುರುಸೊತ್ತು ನನಗಿಲ್ಲ."

ಅವಳು ನಂಬಲಿಲ್ಲ. ಹೊಳೆಗಿಳಿದು ನೀರುಸರ್ಪವನ್ನು ಕರೆದಳು. ಅದು ಕೆಂಪು ಹೆಡೆ ಎತ್ತಿತು. "ನೀನೇ ಕದ್ದೆಯಾ?" ಎಂದಳು ದುಗ್ಗವ್ವ.

"ಮಳೆಗಾಲದಲ್ಲಿ ಸ್ವಲ್ಪ ಕದಿಯುತ್ತೇನೆ, ಸುಳ್ಳು ಹೇಳಲಾರೆ. ಆದರೆ ನಾನು ನಯವಾದ ಮಣ್ಣನ್ನು ಆರಿಸಿಕೊಂಡು ಕಲ್ಲನ್ನು ಬಿಟ್ಟುಹೋಗುತ್ತೇನೆ. ನಿನ್ನ ಕಳ್ಳ ಕಲ್ಲು, ಹೆಂಟೆ, ಬೇರು ಎಲ್ಲವನ್ನೂ ದೂಡಿದ್ದಾನೆ. ಕಳೆದ ವರ್ಷ ಮಳೆಯೇ ಇರಲಿಲ್ಲ. ಆಗಲೂ ಮಣ್ಣು ಹೋಯಿತಲ್ಲ, ಹೇಗೆ?"

ದುಗ್ಗವ್ವ ಯೋಚಿಸುತ್ತ ದಡ ಹತ್ತಿದಳು. ಗಾಳಿಯಲ್ಲ, ನೀರಲ್ಲ. ಹಾಗಾದರೆ ಆ ಹೊಲದ ಮೇಲೆ ಓಡಾಡುವವರು ಇನ್ನಾರು? ಅವಳು ಮನೆಗೆ ಬಂದು ಕೆಂಪು ಹೆಂಚಿನ ಚೂರುಗಳನ್ನು ಹೊಲದ ನೆತ್ತಿಯಲ್ಲಿ ಸಾಲಾಗಿ ಹೂತಳು. ಮಾಯದ ಎತ್ತು ಹೂಡಿ ಉತ್ತಳು. ನೇಗಿಲು ಇಳಿಯುವಾಗ ಮಣ್ಣು ಮುಂದಕ್ಕೆ ದಡದಡ ಉರುಳಿತು. ಏರುವಾಗ ಕೊಂಚವೇ ಮೇಲೆದ್ದು ಮತ್ತೆ ಜಾರಿತು. ಉತ್ತು ಮುಗಿಸಿ ಕೆದಕಿ ನೋಡಿದಳು. ಚೂರುಗಳೆಲ್ಲ ಇಳಿಜಾರಿನಲ್ಲಿ ಒಂದು ಮಾರು ಕೆಳಗೆ ಸರಿದಿದ್ದವು.

ಅವಳು ನೇಗಿಲ ಮೇಣಿ ಹಿಡಿದ ತನ್ನ ಕೈಯನ್ನೇ ನೋಡುತ್ತ ಕೂತಳು. ಇಷ್ಟು ವರ್ಷ ತನ್ನ ಮಣ್ಣನ್ನು ತಾನೇ ನೂಕಿದ್ದಳು.

ಹುಣ್ಣಿಮೆಯ ಬೆಳಿಗ್ಗೆ ರಾಜ, ಭೃಂಗಾಕ್ಷ, ಸಂಕೋಲೆ ತೊಟ್ಟ ಹಲಗಪ್ಪ ಎಲ್ಲರೂ ಹೊಲಕ್ಕೆ ಬಂದರು. ದುಗ್ಗವ್ವ ಹೆಂಚಿನ ಚೂರು ತೋರಿಸಿ ಹೇಳಿದಳು: "ಕಳ್ಳ ಈ ಉಳುಮೆ, ಪ್ರಭು. ಈ ಭೃಂಗಾಕ್ಷನಿಗೆ ಅದು ಗೊತ್ತಿತ್ತು. ಅದಕ್ಕೇ ಅಡ್ಡ ತಿರುಗಿಸಬೇಡ ಎಂದ."

"ಹುಚ್ಚಿಯ ಮಾತು," ಎಂದ ಭೃಂಗಾಕ್ಷ.

"ಹಾಗಾದರೆ ತಿರುಗಿಸಿ ನೋಡೋಣ," ಎಂದ ರಾಜ.

ದುಗ್ಗವ್ವ ಹಗ್ಗ ಎಳೆದಳು. ಎತ್ತುಗಳು ಬೆಂಕಿ ಉಸಿರಿದವು. ಅವಳ ಸೆರಗು ಹೊತ್ತಿತು, ಅಂಗೈ ಸುಲಿಯಿತು. ಅವಳು ಬಿಡಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಸಾಲು ಹೊಡೆದು, ಮಣ್ಣನ್ನು ಮೇಲ್ಮಗ್ಗುಲಿಗೆ ಮಗುಚಿದಳು. ಸಾಲು ಮುಗಿಯುತ್ತಲೇ ಎತ್ತುಗಳು ಬಿರುಕುಬಿಟ್ಟು ಒಣಮಣ್ಣಾಗಿ ಉದುರಿದವು. ಅವುಗಳಲ್ಲೇ ತನ್ನ ಶಕ್ತಿಯನ್ನೆಲ್ಲ ಅಡಗಿಸಿಟ್ಟಿದ್ದ ಭೃಂಗಾಕ್ಷ ಕುಗ್ಗಿದ, ಇನ್ನೂ ಕುಗ್ಗಿದ, ಎರೆಹುಳವಾಗಿ ಸಾಲಿನೊಳಗೆ ನುಸುಳಿದ. ಅಂದಿನಿಂದ ಮಣ್ಣನ್ನು ಕೆಳಗಿನಿಂದ ಮೇಲಕ್ಕೆ ತರುವುದೇ ಅವನ ಪಾಡಾಯಿತು.

ರಾಜ ಸಂಕೋಲೆ ಬಿಚ್ಚಿಸಿದ. ದುಗ್ಗವ್ವ ತಲೆ ತಗ್ಗಿಸಿದಳು. "ಯಾವ ಮುಖ ಹೊತ್ತು ನಿನ್ನ ಜೊತೆ ಮಾತಾಡಲಿ, ಅಣ್ಣ?"

ಹಲಗಪ್ಪ ತಿರುಗಿ ತನ್ನ ಹೊಲಕ್ಕಿಳಿದ. ಅವಳಿಗೆ ಮತ್ತೆ ಸಣ್ಣ ಅನುಮಾನ: ಮಚ್ಚು ತರಲು ಹೋದನೇನೋ. ಅವನು ಒಂದು ಬುಟ್ಟಿ ಕಪ್ಪುಮಣ್ಣು ಹೊತ್ತು ಏದುತ್ತ ಹತ್ತಿಬಂದು ಅವಳ ಬಿಳಿಗಲ್ಲಿನ ಮೇಲೆ ಸುರಿದ.

"ಮುಖದ ಮಾತು ಆಮೇಲೆ, ತಂಗಿ. ಇನ್ನೊಂದು ಬುಟ್ಟಿ ಇದ್ದರೆ ತಾ, ಬಿಸಿಲೇರುತ್ತೆ."

ಇಬ್ಬರೂ ಸುಗ್ಗಿಯವರೆಗೆ ಮಣ್ಣು ಹೊತ್ತರು, ನಡುವೆ ಬದು ಕಟ್ಟಿದರು. ಓರೆಗುಡ್ಡದ ಮಂದಿ ಅಡ್ಡಸಾಲು ಹೊಡೆದು, ಉಂಡು, ಉಟ್ಟು, ಒಬ್ಬರನ್ನೊಬ್ಬರು ನಂಬಿ ಬಾಳಿದರು.